ನಾಲ್ಕು ಸಾಲಿನ ಸುದ್ದಿ, ಎಂಟು ಸಾವಿರದ ಸಂಬಳ

ಹೊಸಪೇಟೆಯಲ್ಲಿ ರಿಪೋರ್ಟರ್ ಆಗಬೇಕು ಅಂದ್ರೆ ಮೊದಲು ಕಲಿಯಬೇಕಾದದ್ದು ಶೀರ್ಷಿಕೆ ಬರೆಯೋದನ್ನಲ್ಲ, ನೀರಿನ ಲೆಕ್ಕವನ್ನ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. 11,574 ಕ್ಯೂಸೆಕ್ ನೀರು ಪೂರ್ತಿ 24 ಗಂಟೆ ಹರಿದರೆ ಒಂದು ಟಿಎಂಸಿ. ಅಂದರೆ ತುಂಗಭದ್ರಾ ಜಲಾಶಯದಿಂದ ದಿನವಿಡೀ ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ಎಂಟೂವರೆ ಟಿಎಂಸಿಗಿಂತ ಸ್ವಲ್ಪ ಜಾಸ್ತಿನೇ ಹೋಯಿತು ಅಂತ. ಇದನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ. ನಾನು ಟ್ರೇನಿಯಾಗಿ ಸೇರಿದ ಆಫೀಸಿನ ಹಿರಿಯರೊಬ್ಬರು ಮಿರ್ಚಿ ಕಟ್ಟಿಕೊಟ್ಟ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದರು. ಎಣ್ಣೆ ಹತ್ತಿದ ಆ ತುಂಡನ್ನು ಫೋಟೊ ತೆಗೆದು ಇಟ್ಟುಕೊಂಡಿದ್ದೇನೆ. ನನ್ನ ಮಟ್ಟಿಗೆ ಎರಡು ವರ್ಷದ ಸಿಲಬಸ್‌ಗಿಂತ ಅದೇ ಹೆಚ್ಚು ಕೆಲಸಕ್ಕೆ ಬಂದಿದೆ.

ಪತ್ರಿಕೋದ್ಯಮ ಓದುತ್ತಿರುವ ಜೂನಿಯರ್‌ಗಳು ಆಗಾಗ ಮೆಸೇಜ್ ಮಾಡ್ತಾರೆ. ‘ಅಕ್ಕ, ಫೀಲ್ಡಿಗೆ ಬರಬಹುದಾ? ಪ್ರಿಂಟಾ, ಟಿವಿನಾ, ಡಿಜಿಟಲ್ಲಾ?’ ಅನ್ನೋದು ಮೊದಲ ಪ್ರಶ್ನೆ. ಅದರ ಹಿಂದೆಯೇ, ಸ್ವಲ್ಪ ಸಂಕೋಚದಿಂದ, ‘ಸಂಬಳ ಎಷ್ಟು ಬರುತ್ತೆ?’ ಎರಡನೆಯದೇ ಅಸಲಿ ಪ್ರಶ್ನೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಪ್ರತಿಯೊಬ್ಬರಿಗೂ ವಾಯ್ಸ್ ನೋಟ್ ಕಳಿಸೋದಕ್ಕಿಂತ ಇಲ್ಲಿ ಬರೆಯೋದೇ ವಾಸಿ ಅನ್ನಿಸಿತು.

ಮೊದಲು ಊರಿನ ನಕ್ಷೆ ಹೇಳಿಬಿಡ್ತೀನಿ, ಇದಿಲ್ಲದೆ ಮುಂದಿನದು ಅರ್ಥ ಆಗಲ್ಲ. ಹೊಸಪೇಟೆಯಿಂದ ಹಂಪಿ ಹತ್ತಿರದಲ್ಲೇ. ಕಂಪ್ಲಿ ಒಂದು ದಿಕ್ಕಿಗೆ, ಸಂಡೂರು ಇನ್ನೊಂದು ದಿಕ್ಕಿಗೆ. ಎರಡಕ್ಕೂ ಬಸ್ಸಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ನಾನು ಡಿಗ್ರಿ ಓದುವಾಗ ಇವೆಲ್ಲ ಬಳ್ಳಾರಿ ಜಿಲ್ಲೆ. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆ ಆಯಿತು. ಹೊಸಪೇಟೆ, ಹಂಪಿ ಈ ಕಡೆ ಬಂದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಜಿಲ್ಲಾ ಪುಟಗಳು ಬೇರೆ ಆದಮೇಲೆ ಸಂಡೂರಿನ ಸುದ್ದಿ ಹೊಸಪೇಟೆ ಓದುಗರಿಗೆ ಪಕ್ಕದ ಜಿಲ್ಲೆಯ ಸುದ್ದಿ ಆಗಿಹೋಯಿತು. ಅದಿರು ಲಾರಿಯ ಕೆಂಪು ಧೂಳಿಗೆ ಮಾತ್ರ ಜಿಲ್ಲೆ ಬೇರೆ ಆದ ವಿಷಯ ಇನ್ನೂ ತಲುಪಿಲ್ಲ.

ನಾನು ಕೆಲಸಕ್ಕೆ ಸೇರಿದ್ದು 2023ರಲ್ಲಿ, ತಿಂಗಳಿಗೆ 8,000 ರೂಪಾಯಿಗೆ. ಅದೇ ಜುಲೈನಲ್ಲಿ ಪವರ್ ಟಿವಿ ‘ಸೌಂದರ್ಯ’ ಅನ್ನುವ ಎಐ ನಿರೂಪಕಿಯನ್ನು ತೆರೆಗೆ ತಂದಿತ್ತು. ಗೆಳತಿಯರ ಗ್ರೂಪಿನಲ್ಲಿ ಅದರದ್ದೇ ಜೋಕು. ಅವಳಿಗೆ ರಜೆ ಬೇಡ, ಪಿಎಫ್ ಬೇಡ, ಮೇಕಪ್‌ ಕೂಡ ಬೇಡ. ನಗ್ತಾ ಇದ್ದೆವು, ಒಳಗೊಳಗೇ ಪುಕುಪುಕು. ಈಗ ಅನ್ನಿಸೋದು ಬೇರೆ: ಆಫೀಸಲ್ಲಿ ಕೂತು ಪ್ರೆಸ್ ನೋಟ್ ತಿದ್ದುವ ಕೆಲಸಕ್ಕೆ ಯಂತ್ರ ಖಂಡಿತ ಬರುತ್ತೆ, ಬಂದೂ ಆಗಿದೆ. ಕಂಪ್ಲಿ ಕೋಟೆಯ ಹತ್ತಿರ ನಿಂತು ‘ಸೇತುವೆ ಮೇಲೆ ನೀರು ಬಂತೇನ್ರಿ?’ ಅಂತ ಕೇಳೋಕೆ ಸದ್ಯಕ್ಕೆ ಯಾರಾದರೂ ಹೋಗಲೇಬೇಕು.

ಮಾಧ್ಯಮ ಬದಲಾಗ್ತಿದೆ ಅಂತ ಗಾಬರಿ ಆಗೋರಿಗೆ ನಮ್ಮ ಸೀಮೆಯದ್ದೇ ಒಂದು ಕಥೆ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಶುರುಮಾಡಿದ್ದು 1843ರ ಜುಲೈ 1ರಂದು, ಅದಕ್ಕೇ ಆ ದಿನ ಪತ್ರಿಕಾ ದಿನ. ಇಷ್ಟು ಎಲ್ಲರೂ ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀವಿ. ಆಮೇಲೆ ಅದು ಏನಾಯಿತು ಅನ್ನೋದನ್ನ ಕೇಳಲ್ಲ. ಮಂಗಳೂರಲ್ಲಿ ಅದನ್ನು ಅಚ್ಚು ಹಾಕ್ತಿದ್ದದ್ದು ಕಲ್ಲಚ್ಚಿನಲ್ಲಿ. ಮೊಳೆಯಚ್ಚು ಇದ್ದದ್ದು ಬಳ್ಳಾರಿಯಲ್ಲಿ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಬಂತು, ಹೆಸರೂ ‘ಕನ್ನಡ ಸಮಾಚಾರ’ ಅಂತ ಆಯಿತು. ಹುಟ್ಟಿ ವರ್ಷ ತುಂಬುವುದರ ಆಸುಪಾಸಿನಲ್ಲೇ ಊರು, ಹೆಸರು, ತಂತ್ರಜ್ಞಾನ ಮೂರೂ ಬದಲು! ಈಗಿನ ಭಾಷೆಯಲ್ಲಿ ಪ್ಲಾಟ್‌ಫಾರ್ಮ್ ಶಿಫ್ಟ್. ಆಮೇಲೆ ಬಹಳ ದಿನ ಬಾಳಲಿಲ್ಲ ಅನ್ನೋದೂ ಕಥೆಯ ಭಾಗವೇ, ಅದನ್ನು ಮುಚ್ಚಿಡಲ್ಲ.

ನನ್ನ ನಿಜವಾದ ಟ್ರೇನಿಂಗ್ ಆಗಿದ್ದು 2024ರ ಆಗಸ್ಟ್ 10ರ ರಾತ್ರಿ. ಶನಿವಾರ. ಟಿಬಿ ಡ್ಯಾಂನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಡ್ಯಾಂ ಭರ್ತಿ ಇದ್ದ ಸಮಯ. ಒಟ್ಟು 33 ಗೇಟುಗಳು, 1953ರಷ್ಟು ಹಳೆಯ ಅಣೆಕಟ್ಟು. ಒಂದೇ ಕಡೆ ಒತ್ತಡ ಬೀಳಬಾರದು ಅಂತ ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಟ್ಟರು. ಬೆಳಗಾಗುವಷ್ಟರಲ್ಲಿ ನನ್ನ ಫೋನಿನಲ್ಲಿ ಮೂರು ಥರದ ಸುದ್ದಿ. ನಮ್ಮ ಮನೆಯವರ ಗ್ರೂಪಿನಲ್ಲಿ ‘ಡ್ಯಾಂ ಒಡೆದಿದೆ, ಎಲ್ಲರಿಗೂ ಕಳಿಸಿ’. ಇನ್ನೊಂದು ಗ್ರೂಪಿನಲ್ಲಿ ಯಾವುದೋ ದೇಶದ ಯಾವುದೋ ಡ್ಯಾಂ ಕುಸಿಯುವ ವಿಡಿಯೊ, ಮೇಲೆ ಕನ್ನಡದಲ್ಲಿ ‘ಹೊಸಪೇಟೆ’ ಅಂತ ಬರಹ. ಮೂರನೆಯದು, ನನಗೆ ಪರಿಚಯ ಇದ್ದ ಕಂಪ್ಲಿ ಕಡೆಯ ಹೆಣ್ಣುಮಗಳೊಬ್ಬಳ ಫೋನ್: ‘ಯವ್ವಾ, ಎಮ್ಮಿ ಹೊಳಿ ದಂಡ್ಯಾಗ ಕಟ್ಟೀನಿ. ಬಿಚ್ಚಿಕೊಂಡು ಹೋಗ್ಲೋ ಬ್ಯಾಡೋ?’

ಆ ವಾರ ಬೆಂಗಳೂರಿಂದ, ಹೈದರಾಬಾದಿನಿಂದ ಬಂದ ಓಬಿ ವ್ಯಾನುಗಳ ಸಾಲಿತ್ತು, ನೂರಾರು ಮೊಬೈಲ್ ಲೈವ್‌ಗಳಿದ್ದವು. ಆದರೆ ಎಮ್ಮೆಯ ಪ್ರಶ್ನೆಗೆ ಉತ್ತರ ಎಲ್ಲೂ ಇರಲಿಲ್ಲ. ‘ಭೀಕರ’, ‘ಜಲಪ್ರಳಯ’, ‘ಆತಂಕ’ ಎಲ್ಲ ಇತ್ತು. ಈ ಗಂಟೆಗೆ ಎಷ್ಟು ನೀರು ಬಿಟ್ಟಿದ್ದಾರೆ, ಅದು ಕಂಪ್ಲಿ ಹತ್ತಿರ ಬರೋಕೆ ಎಷ್ಟು ಹೊತ್ತು ಬೇಕು, ಈ ಹಿಂದೆ ಅಷ್ಟೇ ನೀರು ಬಂದಾಗ ಎಲ್ಲಿವರೆಗೆ ಏರಿತ್ತು ಅನ್ನೋದು ಬೇಕಿತ್ತು. ನಾನು ಮಾಡಿದ್ದು ಇಷ್ಟೆ: ತುಂಗಭದ್ರಾ ಮಂಡಳಿಯ ಅಂಕಿ ತಗೊಂಡೆ, ಕಂಪ್ಲಿಯಲ್ಲಿ ಹೊಳೆಯ ಏರಿಳಿತ ಕಂಡ ಹಳೆಯ ಮೀನುಗಾರರೊಬ್ಬರನ್ನು ಕೇಳಿದೆ, ತಾಲ್ಲೂಕು ಕಚೇರಿಗೆ ಫೋನ್ ಮಾಡಿದೆ. ಮೂರೂ ತಾಳೆ ಆದಮೇಲೆ ನಾಲ್ಕು ಸಾಲು ಟೈಪ್ ಮಾಡಿ ಆಕೆಗೆ ಕಳಿಸಿದೆ. ಒಳಹರಿವು ಇಷ್ಟು, ಹೊರಹರಿವು ಇಷ್ಟು, ಸೇತುವೆ ಸಂಚಾರ ಹೀಗಿದೆ, ದಂಡೆಯಲ್ಲಿ ದನ ಕಟ್ಟಬೇಡಿ. ಆಕೆ ಅದನ್ನ ತನ್ನ ಸಂಘದ ಗ್ರೂಪಿಗೆ ಹಾಕಿದಳು. ಮಧ್ಯಾಹ್ನ ಗಂಗಾವತಿಯಲ್ಲಿರುವ ನಮ್ಮ ಚಿಕ್ಕಪ್ಪ ಅದೇ ಮೆಸೇಜನ್ನು ನನಗೇ ಫಾರ್ವರ್ಡ್ ಮಾಡಿ ‘ನೋಡು, ಸುದ್ದಿ ಅಂದ್ರೆ ಹಿಂಗಿರಬೇಕು, ನೀನೂ ಕಲಿ’ ಅಂದರು.

ಕಂಪ್ಲಿ–ಗಂಗಾವತಿ ಸೇತುವೆಯ ವಿಷಯ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹೊಳೆಗೆ ನೀರು ಜಾಸ್ತಿ ಬಿಟ್ಟರೆ ಅದು ಮುಳುಗುತ್ತೆ, ಸಂಚಾರ ಬಂದ್. ಆಗ ಬುಕ್ಕಸಾಗರ–ಕಡೇಬಾಗಿಲು ಸೇತುವೆ ಸುತ್ತಿಕೊಂಡು ಹೋಗಬೇಕು. ಭತ್ತದ ಲಾರಿಗೂ ಅದೇ, ಹೆರಿಗೆ ನೋವು ಬಂದವರಿಗೂ ಅದೇ. ‘ಸೇತುವೆ ಮುಳುಗಡೆ’ ಅಂತ ಫೋಟೊ ಹಾಕೋದು ಸುಲಭ. ‘ಸಂಜೆ ಆರರ ನಂತರ ಬಂದ್ ಆಗಬಹುದು, ಈಗಲೇ ದಾಟಿಕೊಳ್ಳಿ’ ಅಂತ ಹೇಳಬೇಕಾದರೆ ನಾಲ್ಕು ಫೋನ್ ಮಾಡಬೇಕು. ಲೈಕ್ ಬರೋದು ಮಾತ್ರ ಮೊದಲನೆಯದಕ್ಕೆ.

ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್ ಇಳಿಸಿದ್ದು ಆಗಸ್ಟ್ 16 ಮತ್ತು 17ರಂದು. ಗೇಟ್ ತಜ್ಞ ಕನ್ಹಯ್ಯ ನಾಯ್ಡು ಅವರ ಮುಂದಾಳತ್ವ. ಗೇಟಿನ ಎತ್ತರ 20 ಅಡಿ. ಅದಕ್ಕೆ ಬದಲಾಗಿ ನಾಲ್ಕು ನಾಲ್ಕು ಅಡಿಯ ಐದು ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು, ಹರಿಯುವ ನೀರಿನಲ್ಲೇ ಕೂರಿಸಿದರು. ನೀರಿನ ಮಟ್ಟ ಗೇಟಿನ ಬುಡದವರೆಗೆ ಇಳಿಯಲಿ ಅಂತ ಕಾಯ್ದಿದ್ದರೆ ಸುಮಾರು 60 ಟಿಎಂಸಿ ಹೊಳೆಪಾಲು ಆಗ್ತಿತ್ತು. ಆದರೂ 30 ಟಿಎಂಸಿಗಿಂತ ಹೆಚ್ಚು ಹೋಗೇಬಿಟ್ಟಿತು. ಮೊದಲ ಹಲಗೆ ಕೂತಾಗ ಅಲ್ಲಿದ್ದ ಕಾರ್ಮಿಕರು ಕೂಗಿದ್ದು, ಶಿಳ್ಳೆ ಹಾಕಿದ್ದು ಎಲ್ಲ ಚಾನೆಲ್‌ನಲ್ಲೂ ಬಂತು. ಬರಬೇಕಾದದ್ದೇ.

ಮುಂದಿನ ವಾರ ಓಬಿ ವ್ಯಾನುಗಳು ಹೋದವು. ಅದಕ್ಕೆ ಬೇಜಾರಿಲ್ಲ, ಅವರಿಗೆ ಬೇರೆ ಊರಲ್ಲಿ ಬೇರೆ ಸುದ್ದಿ. ಆದರೆ ಗೇಟಿನ ಕಥೆ ಅಸಲಿಗೆ ಶುರುವಾಗಿದ್ದೇ ಆಮೇಲೆ. ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ 33 ಗೇಟನ್ನೂ ಬದಲಿಸಬೇಕು ಅಂದಿತು. ಗೇಟುಗಳು ಗಟ್ಟಿ ಇಲ್ಲ ಅಂತ 2025ರ ಮಳೆಗಾಲದಲ್ಲಿ ಸುಮಾರು 80 ಟಿಎಂಸಿ ಮಾತ್ರ ನಿಲ್ಲಿಸಿಕೊಂಡರು. ಜಲಾಶಯದ ಸಾಮರ್ಥ್ಯ 105 ಟಿಎಂಸಿ ಚಿಲ್ಲರೆ. ವರ್ಷದ ಕೊನೆಗೆ ಹಳೆ ಗೇಟು ಕಳಚುವ ಕೆಲಸ ಹಿಡಿದರು, ಅದಕ್ಕೋಸ್ಕರ ಎರಡನೇ ಬೆಳೆಗೆ ನೀರಿಲ್ಲ ಅಂತ ಆಯಿತು. ವಿಜಯನಗರ, ಬಳ್ಳಾರಿ, ಕೊಪ್ಪಳ, ರಾಯಚೂರು, ಅದರಾಚೆ ಆಂಧ್ರ, ತೆಲಂಗಾಣ, ಇಷ್ಟೂ ಕಡೆಯ ರೈತರ ಲೆಕ್ಕ ಇದರಲ್ಲಿದೆ. ಎರಡನೇ ಬೆಳೆ ಇಲ್ಲ ಅಂದರೆ ನಾಟಿಗೆ ಹೋಗೋ ಹೆಣ್ಣುಮಕ್ಕಳಿಗೆ ಕೂಲಿ ಇಲ್ಲ, ಟ್ರ್ಯಾಕ್ಟರ್ ಕಂತು ಕಟ್ಟೋಕಾಗಲ್ಲ, ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬೆಳೆಯುತ್ತೆ. ಇದಕ್ಕೆ ಡ್ರೋನ್ ಶಾಟ್ ಇಲ್ಲ. ಒಣಗಿದ ಗದ್ದೆಯ ವಿಡಿಯೊ ಹಾಕಿದರೆ ‘ಯಾವ ಊರು ಬ್ರೋ, ಮಸ್ತ್ ಇದೆ’ ಅಂತ ಕಮೆಂಟ್ ಬರುತ್ತೆ.

ಇನ್ನು ದುಡ್ಡಿನ ಮಾತು. ನಾನು ಇದ್ದ ಆಫೀಸಿನ ಹೆಸರು ಬೇಡ. ಅಲ್ಲಿ ಕಲಿಸಿದವರ ಮೇಲೆ ನನಗೆ ಗೌರವ ಇದೆ. ಆದರೆ ದೀಪಾವಳಿ, ರಾಜ್ಯೋತ್ಸವ ಬಂತೆಂದರೆ ವರದಿಗಾರರಿಗೂ ಜಾಹೀರಾತಿನ ಟಾರ್ಗೆಟ್. ಇದು ಒಂದು ಕಡೆಯ ಕಥೆಯಲ್ಲ, ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವ ಯಾರನ್ನು ಬೇಕಾದರೂ ಕೇಳಿ. ಹತ್ತು, ಹದಿನೈದು ಸಾವಿರದ ಶುಭಾಶಯದ ಜಾಹೀರಾತು ಕೊಡೋರು ಯಾರು? ಗುತ್ತಿಗೆದಾರರು, ಪುಢಾರಿಗಳು, ಲಾರಿ ಮಾಲೀಕರು. ಸೋಮವಾರ ಅವರ ಮುಂದೆ ರಶೀದಿ ಪುಸ್ತಕ ಹಿಡಿದು ನಿಂತು, ಬುಧವಾರ ಅವರೇ ಹಾಕಿದ ಕಳಪೆ ರಸ್ತೆ ಬಗ್ಗೆ ಬರೀಬೇಕು. ನಾನು ಟಾರ್ಗೆಟ್ ತಗೊಳ್ಳಲ್ಲ ಅಂದೆ. ಯಾರೂ ಬೈಯಲಿಲ್ಲ. ನನ್ನ ಬೀಟ್ ಕಡಿಮೆ ಆಗ್ತಾ ಬಂತು ಅಷ್ಟೆ. ಕೊನೆಗೆ ನಗರಸಭೆ ಪ್ರಕಟಣೆ ಮತ್ತು ನಿಧನವಾರ್ತೆ ಉಳಿಯಿತು. ನಿಧನವಾರ್ತೆ ಬರೆಯೋದು ಒಳ್ಳೆಯ ಅಭ್ಯಾಸ, ವ್ಯಂಗ್ಯಕ್ಕೆ ಹೇಳ್ತಿಲ್ಲ. ಸತ್ತವರ ಹೆಸರು, ವಯಸ್ಸು, ಊರು ಮೂರನ್ನೂ ಸರಿಯಾಗಿ ಬರೆದರೆ ಒಂದಿಡೀ ಕುಟುಂಬ ಆ ತುಂಡನ್ನು ಕತ್ತರಿಸಿ ಇಟ್ಟುಕೊಳ್ಳುತ್ತೆ. ಆದರೆ 8,000ದಲ್ಲಿ ರೂಮ್ ಬಾಡಿಗೆ, ಡೇಟಾ ಪ್ಯಾಕು, ಊಟ ಕಳೆದು ಮನೆಗೆ ಕಳಿಸೋದು ಏನು?

ಒಂದು ಖರ್ಚು ಮಾತ್ರ ಉಳಿಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿತ್ತಲ್ಲ, ಕಂಪ್ಲಿಗೂ ಸಂಡೂರಿಗೂ ನನ್ನದು ಶೂನ್ಯ ದರದ ಟಿಕೆಟ್. ಆಫೀಸು ಕೊಡದ ಪ್ರಯಾಣ ಭತ್ಯೆಯನ್ನು ಸರ್ಕಾರ ಕೊಟ್ಟಿತು. ‘ನೀನು ಸರ್ಕಾರದ ವಿರುದ್ಧ ಬರೆಯೋಕೆ ಸರ್ಕಾರದ ಬಸ್ಸಲ್ಲೇ ಬಿಟ್ಟಿ ಹೋಗ್ತೀಯಾ’ ಅಂತ ನನ್ನ ತಮ್ಮ ರೇಗಿಸ್ತಾನೆ. ಜೊತೆಗೆ ಓದಿದ ಹುಡುಗರು ಪಾಪ, ಪೆಟ್ರೋಲ್ ಹಾಕಿಸಲಾರದೆ ಸಂಡೂರು ಬೀಟ್ ಬಿಟ್ಟರು.

ಹಂಪಿ ಬೀಟ್ ಇದ್ದರೆ ಆರಾಮ ಅಂತ ಎಲ್ಲರೂ ಅಂದ್ಕೊಳ್ತಾರೆ. ಫೋಟೊಗೆ ಬರಗಾಲವಿಲ್ಲ, ನಿಜ. ಮಳೆಗಾಲದಲ್ಲಿ ಪುರಂದರ ಮಂಟಪ ಮುಳುಗಿದ ಚಿತ್ರ ಪ್ರತಿ ವರ್ಷ ಬರಲೇಬೇಕು, ಅದಿಲ್ಲದೆ ಮಳೆ ಬಂದ ಹಾಗೇ ಇಲ್ಲ. ಆದರೆ ಹಂಪಿಯ ದೊಡ್ಡ ಸುದ್ದಿಗಳು ಈಗ ನಮ್ಮ ಕೈಯಿಂದ ಶುರುವಾಗೋದು ಅಪರೂಪ. 2019ರ ಫೆಬ್ರುವರಿಯಲ್ಲಿ ಯುವಕರು ಕಲ್ಲಿನ ಕಂಬ ಬೀಳಿಸುವ ವಿಡಿಯೊ ವೈರಲ್ ಆಯಿತಲ್ಲ, ಅದನ್ನು ಯಾವ ವರದಿಗಾರನೂ ಹುಡುಕಲಿಲ್ಲ, ಫೋನಿಂದ ಫೋನಿಗೆ ಬಂತು. ನಾಲ್ವರು ಸಿಕ್ಕಿಬಿದ್ದರು, ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿತು, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿದರು. ಆಗ ನಾನಿನ್ನೂ ವಿದ್ಯಾರ್ಥಿನಿ. ಈಗ ಅದನ್ನು ನೆನೆಸಿಕೊಂಡಾಗ ನನಗೆ ಕಾಡೋದು ಕಾವಲುಗಾರರ ಪ್ರಶ್ನೆ: ಅಷ್ಟು ದೊಡ್ಡ ಬಯಲಿಗೆ ಎಷ್ಟು ಜನ, ಯಾವ ಪಾಳಿ, ಯಾರು ಸಂಬಳ ಕೊಡ್ತಾರೆ? ವಿಡಿಯೊ ಅದನ್ನು ಹೇಳಲ್ಲ. 2024ರ ಮೇನಲ್ಲಿ ಮಳೆಗೆ ವಿರೂಪಾಕ್ಷ ದೇವಸ್ಥಾನದ ಮುಂದಿನ ಸಾಲು ಮಂಟಪದ ಒಂದು ಭಾಗ ಕುಸಿದಾಗಲೂ ಅಷ್ಟೆ. ಕುಸಿದ ಕಲ್ಲಿನ ಚಿತ್ರ ಎಲ್ಲರ ಹತ್ತಿರ ಇತ್ತು. ದುರಸ್ತಿಯ ಸರದಿ ಪಟ್ಟಿಯಲ್ಲಿ ಆ ಮಂಟಪ ಎಲ್ಲಿತ್ತು ಅಂತ ಕೇಳೋಕೆ ಕಮಲಾಪುರದ ಕಚೇರಿ ಬಾಗಿಲಲ್ಲಿ ಕೂರಬೇಕು.

ಸಂಡೂರಿನದ್ದು ಬೇರೆ ಥರ. ಅಲ್ಲಿ ಕೂತು ಕಾಯೋದೇ ಕೆಲಸ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಸಲ್ಲಿಕೆಯಾಯಿತು, ಎರಡೇ ದಿನದಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಮುಖ್ಯಮಂತ್ರಿ ಹುದ್ದೆಯೇ ಅಲುಗಾಡಿತು. ನಾನಾಗ ಪ್ರೈಮರಿ ಸ್ಕೂಲು. ಆ ವರದಿಯ ಹಿಂದೆ ಯು.ವಿ. ಸಿಂಗ್ ಅವರ ತಂಡ ಪರ್ಮಿಟ್, ತೂಕದ ಚೀಟಿ, ಬಂದರಿನ ದಾಖಲೆಗಳನ್ನು ಒಂದೊಂದಾಗಿ ಹೊಂದಿಸಿತ್ತು. ಕಾಗದ ಓದುವ ಬೇಸರವನ್ನು ಗೆದ್ದವರ ಕೆಲಸ ಅದು. ಗಣಿ ಮತ್ತೆ ಶುರುವಾಗಿ ವರ್ಷಗಳಾದವು. ಈಗ ಅಲ್ಲಿ ನಡೆಯುವುದರಲ್ಲಿ ‘ಹಗರಣ’ ಅನ್ನೋ ಪದಕ್ಕೆ ಸಿಗುವಂಥದ್ದು ಕಡಿಮೆ, ದಿನನಿತ್ಯದ್ದು ಜಾಸ್ತಿ.

ನಾನು ಹಿಡಿದದ್ದು ಒಂದು ಶಾಲೆಯ ಮುಂದಿನ ರಸ್ತೆ. ಲಾರಿ ಓಡಾಟ, ಧೂಳು, ಬೆಳಿಗ್ಗೆ ನೀರು ಚಿಮುಕಿಸಬೇಕು ಅನ್ನುವ ಷರತ್ತು. ಚಿಮುಕಿಸ್ತಾರಾ? ಮಾಹಿತಿ ಹಕ್ಕು ಅರ್ಜಿ ಹಾಕಿದೆ, ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಉತ್ತರದಲ್ಲಿ ಟ್ಯಾಂಕರ್ ಬರುವ ದಿನಗಳ ಪಟ್ಟಿ ಬಂತು. ಆ ಪಟ್ಟಿ ಹಿಡಿದು ಶಾಲೆಯ ಎದುರಿನ ಚಹಾದಂಗಡಿಯಲ್ಲಿ ಆರು ಬೆಳಗು ಕೂತೆ. ಪಟ್ಟಿಯಲ್ಲಿ ಆರು ದಿನವೂ ಟ್ಯಾಂಕರ್ ಇತ್ತು, ರಸ್ತೆಯಲ್ಲಿ ಎರಡು ದಿನ ಬಂತು. ಇಷ್ಟೇ ಸುದ್ದಿ. ಒಂದು ಸಣ್ಣ ಜಾಲತಾಣ ಹಾಕಿಕೊಂಡಿತು, 600 ರೂಪಾಯಿ ಕೊಟ್ಟಿತು. ನೋಡಿದವರು ನಾಲ್ಕು ನೂರು ಚಿಲ್ಲರೆ. ಅದೇ ದಿನ ನನ್ನ ಸಹಪಾಠಿಯೊಬ್ಬನ ‘ಹಂಪಿಯಲ್ಲಿ ವಿದೇಶಿ ಯುವತಿ ಮಿರ್ಚಿ ತಿಂದಾಗ’ ರೀಲ್ಸ್ ಎರಡು ಲಕ್ಷ ದಾಟಿತ್ತು. ಅವನನ್ನು ಬೈಯಲ್ಲ. ಅವನ ರೀಲ್ಸ್ ದುಡ್ಡಲ್ಲಿ ಅವನ ತಂಗಿಯ ಕಾಲೇಜು ಫೀಸು ಹೋಗುತ್ತೆ. ಆ ನಾಲ್ಕು ನೂರರಲ್ಲಿ ಟ್ಯಾಂಕರ್ ಕಳಿಸಬೇಕಾದ ಅಧಿಕಾರಿಯೂ ಒಬ್ಬರಿದ್ದರು ಅಂತ ಆಮೇಲೆ ಗೊತ್ತಾಯಿತು. ಮೂರು ವಾರ ಟ್ಯಾಂಕರ್ ತಪ್ಪದೆ ಬಂತು. ಆಮೇಲೆ ನಿಂತಿತು. ಮತ್ತೆ ಅರ್ಜಿ ಹಾಕಿದ್ದೇನೆ.

ಹಾಗಾದರೆ ಹೊಟ್ಟೆಪಾಡು? ಈಗ ನಾನು ಯಾವ ಒಂದು ಆಫೀಸಿನವಳೂ ಅಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಬೆಂಗಳೂರಿನ ಕಂಪನಿಯೊಂದಕ್ಕೆ ಆರೋಗ್ಯ ಆ್ಯಪಿನ ಬರಹಗಳನ್ನು ಕನ್ನಡದಲ್ಲಿ ಬರೆಯುತ್ತೇನೆ. ಮಧುಮೇಹ, ಬಿಪಿ, ಮೊಣಕಾಲು ನೋವು. ಬಾಡಿಗೆ ಕಟ್ಟೋದು ಮೊಣಕಾಲು ನೋವೇ. ಮಧ್ಯಾಹ್ನದ ಮೇಲೆ ವರದಿ. ಒಂದೇ ಕಟ್ಟುನಿಟ್ಟು: ನಾನು ವರದಿ ಮಾಡುವ ನಾಲ್ಕು ತಾಲ್ಲೂಕುಗಳ ಯಾವ ಕಂಪನಿಗೂ, ಆಸ್ಪತ್ರೆಗೂ, ರಾಜಕಾರಣಿಗೂ ದುಡ್ಡಿಗೆ ಬರೆಯಲ್ಲ. ಸೋಶಿಯಲ್ ಮೀಡಿಯಾ ನೋಡಿಕೊಳ್ಳಿ, ತಿಂಗಳಿಗೆ 25,000 ಕೊಡ್ತೀವಿ ಅಂತ ಒಬ್ಬರು ಚುನಾವಣೆಗೆ ಮುಂಚೆ ಕರೆದಿದ್ದರು. ಅಮ್ಮ ಎರಡು ದಿನ ಮಾತಾಡಲಿಲ್ಲ. ಆಕೆಯ ಸಿಟ್ಟೂ ನ್ಯಾಯವೇ. 25,000ವನ್ನು ಬೇಡ ಅನ್ನೋ ಸಲುಗೆ ನಮ್ಮ ಮನೆಗೆ ಯಾವತ್ತೂ ಇರಲಿಲ್ಲ.

ಆ ನಾಲ್ಕು ಸಾಲಿನ ಮೆಸೇಜು ಈಗಲೂ ನಡೀತಿದೆ. ಜಲಾಶಯದ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ಕಾಲುವೆಗೆ ನೀರು ಬಿಡೋದು, ನಿಲ್ಲಿಸೋದು ಇದ್ದರೆ ಐದನೇ ಸಾಲು. ರೈತ ಸಂಘದವರು, ಭತ್ತದ ವ್ಯಾಪಾರಿಗಳು, ಇಬ್ಬರು ಹೆಡ್‌ಮಾಸ್ಟರು, ಒಬ್ಬ ಆಂಬುಲೆನ್ಸ್ ಡ್ರೈವರು, ಹೀಗೆ ಮುನ್ನೂರು ಜನಕ್ಕಿಂತ ಹೆಚ್ಚು ಇದ್ದಾರೆ. ಹೋದ ತಿಂಗಳು ಕೆಲವರು ತಾವಾಗಿ ‘ನಿಮ್ಮ ರೀಚಾರ್ಜಿಗೆ’ ಅಂತ ಇಪ್ಪತ್ತು, ಐವತ್ತು ಕಳಿಸೋಕೆ ಶುರುಮಾಡಿದರು. ಒಟ್ಟು 2,140 ರೂಪಾಯಿ ಬಂತು. ಯಾರು ಎಷ್ಟು ಕಳಿಸಿದರು ಅನ್ನೋದನ್ನ ಅದೇ ಗ್ರೂಪಿಗೆ ಹಾಕಿದೆ, ಎಮ್ಮೆಯ ಹೆಣ್ಣುಮಗಳದ್ದೂ ಹತ್ತು ರೂಪಾಯಿ ಇತ್ತು. ಒಬ್ಬ ಗುತ್ತಿಗೆದಾರರು 5,000 ಕಳಿಸಿದ್ದರು, ಅದನ್ನು ವಾಪಸ್ ಹಾಕಿದೆ. ಅವರು ಫೋನ್ ಮಾಡಿ ‘ಯಾಕಮ್ಮ, ನಮ್ಮ ದುಡ್ಡು ದುಡ್ಡಲ್ವಾ?’ ಅಂದರು. ‘ನಿಮ್ಮ ರಸ್ತೆ ಬಗ್ಗೆ ಅರ್ಜಿ ಹಾಕಿದ್ದೀನಿ ಸರ್’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾವ ರಸ್ತೆ?’ ಅಂತ ಕೇಳಿದರು.